ರೊಟ್ಟಿಕಟ್ಟೆಯಲ್ಲಿ ತುಂಗವ್ವ ಕೇಳಿದ ಪ್ರಶ್ನೆ

ಆಷಾಢ ಮೂವತ್ತೇಳು, ಇಸವಿ ಎರಡು ಸಾವಿರದ ಇನ್ನೂರ ಅರವತ್ತೆಂಟು
ಗದಗ ಸೀಮೆ

ಹಿಂದಿನ ಕಾಲದ ಹಿರಿಯರಿಗೆ ಶರಣು.

ಆಷಾಢಕ್ಕೆ ಮೂವತ್ತೇಳನೇ ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುತ್ತೀರಿ. ನಮ್ಮಲ್ಲಿ ಮಳೆ ಬೀಳುವ ತನಕ ಆಷಾಢವನ್ನು ಮುಗಿಸುವಂತಿಲ್ಲ. ಮಳೆಯಿಲ್ಲದ ಶ್ರಾವಣ ಕಂಡರೆ ಜನ ಸಿಟ್ಟಾಗುತ್ತಾರೆಂದು ನಮ್ಮ ಮುತ್ತಜ್ಜಂದಿರು ಹಾಗೆ ಗೊತ್ತು ಮಾಡಿದರು. ಒಂದು ವರ್ಷ ಆಷಾಢ ಎಷ್ಟು ಉದ್ದವಾಯಿತೆಂದರೆ ಅದರಲ್ಲೇ ದೀಪಾವಳಿ ಮಾಡಿದೆವು. ನನ್ನ ಮಾತೂ ನಿಮಗೆ ಅಲ್ಲಲ್ಲಿ ವಿಚಿತ್ರ ಎನಿಸಬಹುದು; ಅಕ್ಕಿಯಲ್ಲಿ ಕಲ್ಲು ಸಿಕ್ಕಿದರೆ ಆರಿಸಿ ಪಕ್ಕಕ್ಕಿಟ್ಟು ಉಣ್ಣುತ್ತೀರಲ್ಲ, ಹಾಗೆ ಓದಿಕೊಳ್ಳಿ.

ಈ ಪತ್ರ ನಿಮಗೆ ಹೇಗೆ ತಲುಪಿತು ಎಂಬುದನ್ನು ಮೊದಲು ಹೇಳುತ್ತೇನೆ. ನಿಮ್ಮ ಕಾಲದ ಚರ್ಚಾತಾಣವೊಂದರ ಬಾಗಿಲು ಯಾಕೋ ಏನೋ ಇನ್ನೂ ತುಕ್ಕು ಹಿಡಿದು ತೆರೆದೇ ಇದೆ. ಅದರಲ್ಲಿ ಬರೆದದ್ದು ನಿಮ್ಮ ಕಡೆಗೆ ಹೋಗುತ್ತದೆಂದು ತಿಳಿದವರು ಹೇಳಿದರು. ಬರೆಯಲು ಹೋದರೆ ಲಾಗಿನ್ ಆಗು ಎಂದಿತು. ಹುಟ್ಟಿದ ವರ್ಷ ಕೇಳಿತು, ಕೊಟ್ಟೆ. ಅಂಥ ವರ್ಷ ಇನ್ನೂ ಬಂದಿಲ್ಲ ಎಂದಿತು. ಸುಳ್ಳು ವರ್ಷ ಕೊಟ್ಟೆ. ಆಮೇಲೆ ನಾನು ಯಂತ್ರವಲ್ಲ ಎಂದು ರುಜುವಾತು ಮಾಡಲು ಚಿಕ್ಕ ಚಿಕ್ಕ ಚಿತ್ರಗಳಲ್ಲಿ ಟ್ರಾಫಿಕ್ ಸಿಗ್ನಲ್ ಇರುವುದನ್ನು ಆರಿಸು ಎಂದಿತು. ಟ್ರಾಫಿಕ್ಕನ್ನೂ ಕಾಣದವಳು, ಸಿಗ್ನಲ್ಲನ್ನೂ ಕಾಣದವಳು ನಾನು. ಬೆಳಗಿನಿಂದ ಬಿಸಿಲೇರುವ ತನಕ ತಪ್ಪು ಚಿತ್ರಗಳನ್ನೇ ಒತ್ತುತ್ತ ಕೂತೆ. ನಿಮ್ಮಲ್ಲಿ ಎಷ್ಟೋ ಜನ ಬರೆಯದೆ ಸುಮ್ಮನೆ ಓದಿಕೊಂಡು ಹೋಗುತ್ತಿದ್ದಿರಂತೆ. ಯಾಕೆಂದು ಆಗ ಸ್ವಲ್ಪ ಅರ್ಥವಾಯಿತು.

ನಮ್ಮಲ್ಲೂ ಅಂಥ ತಾಣಗಳಿವೆ, ಕಟ್ಟೆ ಎನ್ನುತ್ತೇವೆ. ಬೆಳಗಿನ ಉಪಾಹಾರ ಮುಗಿದು ಸಂಜೆ ಗಾಳಿ ಬೀಸುವ ತನಕ ಯಾರೂ ಹೊರಗೆ ಕಾಲಿಡುವಂತಿಲ್ಲ. ಅದಕ್ಕೆ ಬಿಸಿಲುಬಂದ್ ಎಂದು ಹೆಸರು. ಆ ಹೊತ್ತೆಲ್ಲ ನೆಲದಡಿಯ ಕೋಣೆಗಳಲ್ಲಿ ಒದ್ದೆ ಚಾದರ ಹೊದ್ದು ಮಲಗಿ ಕಟ್ಟೆಗಳನ್ನು ಓದುವುದೇ ಕೆಲಸ. ಹೆಸರು ಹೇಳದೆ ಓದುವುದಕ್ಕೆ ಮುಸುಕು ಎನ್ನುತ್ತೇವೆ. ಹೆಸರು ಹೇಳಿ ಒಳಗೆ ಬರುವುದಕ್ಕೆ ಹೊಸ್ತಿಲು ದಾಟುವುದು ಎನ್ನುತ್ತೇವೆ, ಅದೇ ನಿಮ್ಮ ಲಾಗಿನ್. ದಾಟುವಾಗ ಹೇಳಬೇಕಾದ ಗುಟ್ಟಿನ ಪದ ಒಳಮಾತು. ಯಾರು ಏನು ಓದಿದರು ಎಂದು ಹುಡುಕಿ ಹುಡುಕಿ ಜನರನ್ನು ಕಾಡಿದ ಒಂದು ಕೆಟ್ಟ ಕಾಲ ನಮ್ಮ ಅಜ್ಜಿಯರ ಕಾಲದಲ್ಲಿ ಬಂದು ಹೋಯಿತು. ಅಂದಿನಿಂದ ಮುಸುಕಿಗೆ ಕಾನೂನಿನ ಕಾವಲಿದೆ. ಮುಸುಕಿನವರು ಯಾರೆಂದಷ್ಟೇ ಅಲ್ಲ, ಎಷ್ಟು ಮಂದಿ ಎಂದೂ ಹೇಳುವಂತಿಲ್ಲ. ಹಾಗಾಗಿ ಕಟ್ಟೆಯ ಮೇಲೆ ಬರೆಯುವವರಿಗೆ ಎದುರಿಗೆ ಜಾತ್ರೆ ನೆರೆದಿದೆಯೋ, ನಾಯಿಯೊಂದು ಮಲಗಿದೆಯೋ ತಿಳಿಯುವುದಿಲ್ಲ. ಅದು ಗೊತ್ತಿರುವುದು ಕಟ್ಟೆಗಾವಲಿಗೆ ಮಾತ್ರ, ಮತ್ತು ಕಾವಲಿನವರು ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿರುತ್ತಾರೆ. ಕಾವಲಿನವರಿಗೆ ಸ್ವಂತ ಹೆಸರಿನಲ್ಲಿ ಒಂದಕ್ಷರ ಬರೆಯುವ ಹಕ್ಕೂ ಇಲ್ಲ.

ನಾನು ಆ ಕೆಲಸ ಮಾಡಿದವಳು. ನನ್ನ ಪಾಲಿಗೆ ಬಂದದ್ದು ರೊಟ್ಟಿಕಟ್ಟೆ. ನಗಬೇಡಿ. ನಿಮ್ಮ ಜೋಳ ಹೊಲದಲ್ಲಿ ಬೆಳೆಯುತ್ತಿತ್ತು, ನಮ್ಮದು ತೊಟ್ಟಿಯಲ್ಲಿ ಬೆಳೆಯುತ್ತದೆ. ತೊಟ್ಟಿಜೋಳದ ಹಿಟ್ಟಿಗೆ ಜಿಗುಟೇ ಇಲ್ಲ. ಎಸರು ಹೊಯ್ದು ನಾದಿದರೂ ಬಡಿಯುವಾಗ ಅಂಚು ಬಿರಿಯುತ್ತದೆ, ಹಂಚಿಗೆ ಹಾಕುವಷ್ಟರಲ್ಲಿ ನಡುವೆ ಹರಿಯುತ್ತದೆ. ಆದರೆ ನಮ್ಮ ಮನೆಯಲ್ಲಿ ರೊಟ್ಟಿ ಹರಿಯುತ್ತದೆ ಎಂದು ಈ ಸೀಮೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಗಾದೆ ನಿಮ್ಮಿಂದಲೇ ನಮಗೆ ಬಂದಿದೆ, ಆದರೂ ರೊಟ್ಟಿಯ ಮಾತಿಗೆ ಬಂದಾಗ ಗಾದೆ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ರೊಟ್ಟಿಕಟ್ಟೆಗೆ ಬರುವವರೆಲ್ಲ ಮುಸುಕಿನವರೇ. ನಾನು ಕೂತ ಕಡೆ ಒಬ್ಬೊಬ್ಬ ಓದುಗರಿಗೆ ಒಂದೊಂದು ಸಣ್ಣ ದೀಪ ಹೊತ್ತಿಕೊಳ್ಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗೋಡೆ ತುಂಬ ದೀಪ.

ಅಷ್ಟೂ ದೀಪ ತುಂಗವ್ವನಿಗಾಗಿ. ಆಕೆ ಯಾವ ಊರಿನವಳೋ, ವಯಸ್ಸೆಷ್ಟೋ ಯಾರಿಗೂ ತಿಳಿಯದು. ಕಟ್ಟೆಯ ಮೇಲೆ ತುಂಗವ್ವ ಎಂದಷ್ಟೇ ಇತ್ತು. ದಿನಾ ಬಂದು ಹೊಸ್ತಿಲು ದಾಟಿ ಏನಾದರೂ ಬರೆಯುತ್ತಿದ್ದಳು. ಬೇಯಿಸಿದ ಅಗಸೆಯ ಲೋಳೆ ಒಂದು ಚಮಚ ಕಲಸಿದರೆ ತೊಟ್ಟಿಜೋಳವೂ ಮಾತು ಕೇಳುತ್ತದೆ ಎಂದು ಮೊದಲು ಹೇಳಿದವಳು ಆಕೆ. ಇವತ್ತು ಈ ಸೀಮೆಯ ಮನೆ ಮನೆಯಲ್ಲಿ ಹಾಗೇ ಮಾಡುತ್ತಾರೆ. "ಹಿಟ್ಟಿಗೆ ಸಿಟ್ಟ ಮಾಡಬ್ಯಾಡ್ರಿ, ಅದರ ತಪ್ಪಲ್ಲ, ತೊಟ್ಟಿಯೊಳಗ ಹುಟ್ಟೇತಿ ಪಾಪ" ಎಂದು ಬರೆಯುತ್ತಿದ್ದಳು. ನನಗೆ ಆಕೆಯ ಮಾತು ಕೇಳಿ ಅಭ್ಯಾಸವಾಗಿಬಿಟ್ಟಿತ್ತು. ಒಂದು ದಿನ ಆಕೆ ಬರುವುದು ತಡವಾದರೆ ಗೋಡೆಯ ದೀಪಗಳ ಜೊತೆ ನಾನೂ ಕಾಯುತ್ತಿದ್ದೆ.

ಆಗಾಗ ಯಾರಾದರೂ ಬಂದು ಏನಾದರೂ ಕೇಳುತ್ತಿದ್ದರು ನಿಜ, ಆದರೆ ಎಲೆಹೆಸರಿನಲ್ಲಿ. ಒಂದೇ ಸಲಕ್ಕೆಂದು ಮಾಡಿಕೊಂಡ ಹೆಸರಿಗೆ ನಾವು ಹಾಗೆ ಹೇಳುತ್ತೇವೆ, ಉಂಡ ಮೇಲೆ ಎಸೆಯುವ ಎಲೆ ಅದು. ನಿಮ್ಮ ಕಾಲದ ಕಟ್ಟೆಗಳ ಧೂಳು ಹೊಡೆಯುವುದೂ ನನ್ನ ಕೆಲಸವಾಗಿತ್ತು, ಆದ್ದರಿಂದ ನಿಮಗೂ ಈ ವಿದ್ಯೆ ಚೆನ್ನಾಗಿ ಗೊತ್ತೆಂದು ಬಲ್ಲೆ. ಬಂದರು, ಕೇಳಿದರು, ತುಂಗವ್ವ ಕೂತು ಉದ್ದಕ್ಕೆ ಉತ್ತರ ಬರೆದಳು, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ರೊಟ್ಟಿ ಉಬ್ಬಿತೋ ಇಲ್ಲವೋ ಎಂದು ತಿರುಗಿ ಬಂದು ಹೇಳಿದವರನ್ನು ನಾನು ಕಾಣೆ. ತುಂಗವ್ವ ಮರುದಿನ "ಹೆಂಗಾತು?" ಎಂದು ಕೇಳುತ್ತಿದ್ದಳು, ಎಸೆದ ಎಲೆಯನ್ನು.

ಜಗಳಕ್ಕಾದರೆ ಮಾತ್ರ ಎಲ್ಲರಿಗೂ ಒಳಮಾತು ನೆನಪಾಗುತ್ತದೆ. ಒಮ್ಮೆ ತುಂಗವ್ವ ನಾದುವ ಹಿಟ್ಟಿಗೆ ಉಪ್ಪು ಹಾಕಿ ಎಂದು ಬರೆದುಬಿಟ್ಟಳು. ಆ ಕ್ಷಣ ಮೂರು ಜನ ಸ್ವಂತ ಹೆಸರಿನಲ್ಲಿ ಹೊಸ್ತಿಲು ದಾಟಿ ಬಂದು, ರೊಟ್ಟಿಗೆ ಉಪ್ಪು ಹಾಕುವವರು ಯಾವ ದೇಶದವರು ಎಂದು ಝಾಡಿಸಿದರು. ಆಕೆಗೆ ಬೇಜಾರಾಗಬಹುದೆಂದು ನಾನು ಹೆದರಿದ್ದೆ. ಆಕೆ ಬರೆದದ್ದು ಇಷ್ಟು: "ಬೈಯಾಕರೆ ಬಂದ್ರಲ್ಲ, ಭಾಳ ಸಂತೋಷ ಆತು. ಎಲ್ಲಾರೂ ಚಲೋ ಅದೀರಿಲ್ಲೋ?" ಅಷ್ಟರಲ್ಲಿ ಅವರು ಹೋಗಿಯಾಗಿತ್ತು, ಗೆದ್ದ ಮೇಲೆ ಯಾರು ನಿಲ್ಲುತ್ತಾರೆ. ಕೆಲವು ದಿನ ಬಿಟ್ಟು ಆಕೆ ರೊಟ್ಟಿಯನ್ನು ಎಣ್ಣೆಯಲ್ಲಿ ಕರಿಯಬೇಕು ಎಂದು ಬರೆದಳು. ಓದಿ ನನಗೆ ನಗು ಬಂತು, ಆಮೇಲೆ ಅರ್ಥವಾಯಿತು. ಬೇಕೆಂದೇ ತಪ್ಪು ಬರೆದಿದ್ದಳು. ಆ ಮೂವರು ಮತ್ತೆ ಬಂದರು, ಬೈದರು, ಹೋದರು. ಅದರ ಮುಂದಿನ ಸಲ ಅವರಿಗೂ ಗೊತ್ತಾಗಿರಬೇಕು, ಯಾರೂ ಬರಲಿಲ್ಲ.

ಅದಾದ ಮೇಲೆ ಒಂದು ಬಿಸಿಲುಬಂದಿನ ಹೊತ್ತಿನಲ್ಲಿ ತುಂಗವ್ವ ರೊಟ್ಟಿಯ ಸುದ್ದಿಯನ್ನೇ ಎತ್ತದೆ ಒಂದು ಸಾಲು ಬರೆದಳು.

"ಯಾರರೆ ಅದೀರೇನು?"

ನನ್ನ ಗೋಡೆಯ ಮೇಲೆ ದೀಪ ಇಡಲು ಜಾಗವಿರಲಿಲ್ಲ. ಅಷ್ಟೂ ಜನ ಆ ಸಾಲನ್ನು ಓದಿದರು. ಒಬ್ಬರೂ ದಾಟಲಿಲ್ಲ. ಕೇಳಿದ್ದು ನಮ್ಮನ್ನಲ್ಲ, ಆಕೆಯ ಗುರುತಿನವರು ಯಾರೋ ಇರುತ್ತಾರೆ, ಅವರು ಹೇಳುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿರಬೇಕು. ನನ್ನ ಹೆಸರಿನಲ್ಲಿ ಉತ್ತರ ಬರೆಯಬೇಕೆಂದು ನಾನು ಎದ್ದು ಹೋಗಿ ಅದೇ ಸಂಜೆ ಕೆಲಸ ಬಿಟ್ಟೆ. ಆದರೆ ಕೆಲಸ ಬಿಟ್ಟ ಕಾವಲಿನವರು ಇನ್ನೊಂದು ಪೂರ್ತಿ ವರ್ಷ ಕಟ್ಟೆಯ ಮೇಲೆ ಮೌನ ಹಿಡಿಯಬೇಕು, ಆಮೇಲೆಯೇ ಅವರಿಗೆ ಹೆಸರು ವಾಪಸು ಬರುತ್ತದೆ. ಒಂದು ವರ್ಷ ತಾನೇ, ತುಂಗವ್ವ ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡೆ.

ದೀಪದ ಲೆಕ್ಕ ಹೇಳದಂತೆ, ಕಟ್ಟೆಯಲ್ಲಿ ಬರೆಯದಂತೆ ಆಣೆ ನನ್ನನ್ನು ಕಟ್ಟಿತ್ತು, ಕಾಲು ಕಟ್ಟಿರಲಿಲ್ಲ. ಓಣಿಯಲ್ಲಿ ಯಾರ ಮನೆಯ ರೊಟ್ಟಿಯಲ್ಲಿ ಅಗಸೆ ಇದೆಯೋ ಅವರಿಗೆಲ್ಲ ಹೇಳಿದೆ, ಒಂದು ಸಲ ಹೊಸ್ತಿಲು ದಾಟಿ ಒಂದು ಮಾತು ಬರೆಯಿರಿ ಎಂದು. ಪಕ್ಕದ ಮನೆಯ ಕಾಳವ್ವ ತುಂಗವ್ವನ ಪಾಠವನ್ನು ಬಾಯಿಪಾಠ ಮಾಡಿಕೊಂಡವಳು. "ನಾ ಏನ್ ಬರೀಲಿ ಯಕ್ಕಾ, ಆಕಿಗೇನ್ ಮಂದಿ ಕಡಿಮಿ ಅದಾರ? ನಾ ಒಬ್ಬಾಕಿ ಬರದ್ರ ಎಷ್ಟು, ಬಿಟ್ರ ಎಷ್ಟು" ಎಂದಳು. ನನ್ನ ಗಂಡ ರುದ್ರಗೌಡ ಒಳಮಾತು ಮರೆತಿದ್ದೇನೆಂದ. ಹೊಸದು ಮಾಡಿಕೊಳ್ಳಿ ಎಂದೆ. ಹೊಸದು ಬೇಕಾದರೆ ನೀನು ಮೊದಲು ಸಾಕಿದ ಪ್ರಾಣಿಯ ಹೆಸರೇನು ಎಂದು ಕಟ್ಟೆ ಕೇಳುತ್ತದಂತೆ, ಚಿಕ್ಕಂದಿನಲ್ಲಿ ಯಾವ ಆಡಿನ ಹೆಸರು ಕೊಟ್ಟಿದ್ದನೋ ಅದೂ ನೆನಪಿಲ್ಲವಂತೆ. "ನಾಳೆ ನೋಡೂಣು ತಗೋ" ಎಂದ. ನಮ್ಮ ಸೀಮೆಯಲ್ಲಿ ಮಳೆಗಿಂತ ಹೆಚ್ಚು ಕಾಯಿಸುವುದು ಈ ನಾಳೆ. ಹೇಳಿ ಹೇಳಿ ನನಗೇ ದಣಿವಾಯಿತು, ಜನ ನನ್ನನ್ನು ಕಂಡರೆ ಬೇರೆ ಓಣಿ ಹಿಡಿಯತೊಡಗಿದರು.

ತುಂಗವ್ವ ಬರೆಯುವುದನ್ನು ನಿಲ್ಲಿಸಲಿಲ್ಲ, ಆದರೆ ಮಾತು ಗಿಡ್ಡವಾದವು. ವಾರಕ್ಕೊಮ್ಮೆ ಬಂದಳು. ಎಸರು ಕುದ್ದಿರಲಿ ಎಂದಷ್ಟೇ ಬರೆದು ಹೋದಳು. ಆಮೇಲೆ ಬರಲಿಲ್ಲ. ನನ್ನ ಮೌನದ ವರ್ಷ ಇನ್ನೂ ಮುಗಿದಿರಲಿಲ್ಲ. ಒಂದು ದಿನ ಆಕೆಯ ಹೆಸರಿನಲ್ಲೇ ಆಕೆಯ ಸೊಸೆ ಹೊಸ್ತಿಲು ದಾಟಿ ಹೀಗೆ ಬರೆದಳು: "ನಮ್ಮ ಅತ್ತಿಯವರು ತೀರಿಕೊಂಡ್ರು. ಇಲ್ಲೆ ದಿನಾ ಬರೀತಿದ್ರು. ಯಾರೂ ಓದೂದಿಲ್ಲ ಬಿಡು, ಖಾಲಿ ಗ್ವಾಡಿ ಜೋಡಿ ಮಾತಾಡತೇನಿ ಅಂತ ನಗತಿದ್ರು. ಯಾರರೆ ಇದ್ರ ಗೊತ್ತಾಗ್ಲಿ ಅಂತ ಬರದೇನಿ."

ಅವತ್ತು ಎಲ್ಲರಿಗೂ ಒಳಮಾತು ನೆನಪಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಓಡಿದ ಹಾಗೆ ಸೀಮೆಗೆ ಸೀಮೆಯೇ ಹೊಸ್ತಿಲು ದಾಟಿ ಬಂತು. ಹೆಚ್ಚಿನವರು ಬರೆದದ್ದು ಒಂದೇ ಮಾತು: ಬಹಳ ವರ್ಷಗಳಿಂದ ಓದುತ್ತಿದ್ದೆ, ಇದೇ ಮೊದಲ ಸಲ ಬರೆಯುತ್ತಿದ್ದೇನೆ. ಉಪ್ಪಿಗೆ ಬೈದಿದ್ದ ಮೂವರೂ ಬಂದು ಅತ್ತರು. ಕಾಳವ್ವ ಪುಟ ತುಂಬ ಬರೆದಳು. ರುದ್ರಗೌಡ ನನ್ನ ಎದುರಿಗೇ ಕೂತು ಆಡಿನ ಹೆಸರು ಗೌರಿ ಎಂದು ಒಂದೇ ಏಟಿಗೆ ಹೇಳಿ ಒಳಗೆ ಹೋದ. ನಾನು ಅವನ ಜೊತೆ ಮೂರು ದಿನ ಮಾತಾಡಲಿಲ್ಲ. ಸಿಟ್ಟು ಅವನೊಬ್ಬನ ಮೇಲಲ್ಲ, ಸಿಕ್ಕವನು ಅವನು.

ಸೊಸೆ ಮತ್ತೊಂದು ಸಲ ಬಂದಳು. ಎಲ್ಲವನ್ನೂ ಓದಿರಬೇಕು. "ಇಷ್ಟು ಮಂದಿ ಎಲ್ಲಿದ್ರಿ?" ಎಂದು ಕೇಳಿದಳು. ಅದಕ್ಕೆ ಉತ್ತರ ಬರಲಿಲ್ಲ. ನನಗೀಗ ದೀಪಗಳು ಕಾಣುವುದಿಲ್ಲ, ಆದರೂ ಗೊತ್ತು, ಎಲ್ಲರೂ ಅಲ್ಲೇ ಇದ್ದರು, ಮುಸುಕು ಎಳೆದುಕೊಂಡು ಓದುತ್ತಿದ್ದರು. ವಾರದೊಳಗೆ ಕಟ್ಟೆ ಮೊದಲಿನ ಹಾಗೇ ಆಯಿತು. ಈಗ ಅಲ್ಲಿ ಮೈಲಾರಿ ಎಂಬೊಬ್ಬ ಹೊಸ ಹುಮ್ಮಸ್ಸಿನಿಂದ ದಿನಾ ರೊಟ್ಟಿಯ ಬಗ್ಗೆ ಬರೆಯುತ್ತಾನೆ. ಓಣಿಯವರೆಲ್ಲ ಅವನನ್ನು ಹೊಗಳುತ್ತಾರೆ, ಅವನೊಬ್ಬನಿಗೆ ಮಾತ್ರ ಹೇಳುವುದಿಲ್ಲ.

ನಿನ್ನೆ ನನ್ನ ವರ್ಷ ಮುಗಿದು ಹೆಸರು ವಾಪಸು ಬಂತು. ಹೊಸ್ತಿಲು ದಾಟಿ ನಾನು ಮೊದಲು ಹೋದದ್ದು ತುಂಗವ್ವನ ಆ ಹಳೆಯ ಸಾಲಿನ ಹತ್ತಿರ. ಯಾರರೆ ಅದೀರೇನು ಎಂಬುದರ ಕೆಳಗೆ ಜಾಗ ಇನ್ನೂ ಖಾಲಿಯಿತ್ತು. ಸಂತಾಪಕ್ಕೆ ಬಂದವರ ಪೈಕಿ ಒಬ್ಬರಿಗೂ ಆ ಪ್ರಶ್ನೆಗೆ ಉತ್ತರ ಕೊಡಬೇಕೆಂದು ಹೊಳೆದಿರಲಿಲ್ಲ. ಅಲ್ಲಿ ಬರೆದೆ: ಅದೀನಿ ತುಂಗವ್ವಾ. ಬರೆದು ಸ್ವಲ್ಪ ಹೊತ್ತು ಕಾದೆ, ಯಾಕೆ ಕಾದೆನೋ. ಆಮೇಲೆ ಮೈಲಾರಿಯ ಪುಟಕ್ಕೆ ಹೋಗಿ ನೀನು ಹೇಳಿದಂತೆ ಮಾಡಿದ ರೊಟ್ಟಿ ಉಬ್ಬಿತು ಎಂದು ಬರೆದು ಬಂದೆ.

ನನ್ನ ಕಾಲದವರಿಗೆ ಹೇಳುವ ಶಕ್ತಿ ಉಳಿದಿಲ್ಲ, ಅದಕ್ಕೆ ನಿಮಗೆ ಬರೆದೆ. ನಿಮ್ಮ ಕಟ್ಟೆಗಳ ಧೂಳು ಹೊಡೆಯುವಾಗ ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಮಿಕ್ಸಿ ಕೆಟ್ಟವರಿಗೆ, ಮಗುವಿಗೆ ಜ್ವರ ಬಂದವರಿಗೆ, ಹಳೆಯ ಸ್ಕೂಟರಿನವರಿಗೆ, ಗುರುತಿಲ್ಲದ ಜನಕ್ಕೆ ಉದ್ದುದ್ದ ಉತ್ತರ ಬರೆದು, ಹೆಂಗಾತು ಎಂದು ಕೇಳಿ, ಕಾದು ಸುಮ್ಮನಾದವರು. ನನಗೆ ಅವರು ಬರೀ ಅಕ್ಷರ. ನಿಮಗೆ ಹಾಗಲ್ಲ, ನೀವು ಇದನ್ನು ಓದುವ ಹೊತ್ತಿಗೆ ಅವರು ಬದುಕಿದ್ದಾರೆ, ಎಲ್ಲೋ ಕೂತು ಖಾಲಿ ಗೋಡೆಯ ಜೊತೆ ಮಾತಾಡುತ್ತಿದ್ದೇನೆ ಎಂದು ನಗುತ್ತಿದ್ದಾರೆ. ಇಷ್ಟು ದೂರ ಓದಿದಿರಲ್ಲ, ಮುಸುಕಿನಲ್ಲೇ ಓದಿದ್ದೀರೆಂದು ಬಲ್ಲೆ. ನನಗೆ ಉತ್ತರ ಬರೆಯುವುದು ಬೇಡ, ಅದು ನನ್ನ ತನಕ ಬರುವುದೂ ಇಲ್ಲ. ನಿಮ್ಮ ತುಂಗವ್ವ ಯಾರೆಂದು ನಿಮಗೆ ಗೊತ್ತಿದೆ. ಪಾಸ್‌ವರ್ಡ್ ಮರೆತಿದ್ದರೆ ಹೊಸದು ಮಾಡಿಕೊಳ್ಳಿ, ಸಿಗ್ನಲ್ ಇರುವ ಚಿತ್ರ ಯಾವುದೆಂದು ನಿಮಗಾದರೂ ತಿಳಿಯುತ್ತದೆ. ಒಳಗೆ ಹೋಗಿ, ಅದೀನಿ ಎಂದು ಬರೆಯಿರಿ.

ಶರಣು.

ಇಂತಿ,
ಹೆಸರು ವಾಪಸು ಪಡೆದ
ನೀಲಗಂಗಾ ಮುದೇನೂರ