ಮನೆಯಲ್ಲೇ ಇರಲಿ

ಅಂಗಡಿಯ ಒಳಕೋಣೆಯಿಂದ,
ತಾರೀಖು ಹದಿನಾಲ್ಕು, ಮಂಗಳವಾರ ಮಧ್ಯಾಹ್ನ

ನಮ್ಮ ಯಜಮಾನರಿಗೆ ನಮಸ್ಕಾರಗಳು.

ಮೊದಲು ಕಣ್ಣಿನ ವಿಷಯ ಹೇಳಿ. ಉರಿ ಕಡಿಮೆಯಾಯಿತೇ? ಔಷಧಿ ಹೊತ್ತು ಹೊತ್ತಿಗೆ ಹಾಕಿಸಿಕೊಳ್ಳುತ್ತಿದ್ದೀರಾ, ಇಲ್ಲ ಇಲ್ಲಿ ಮಾಡುತ್ತಿದ್ದ ಹಾಗೆ ‘ಆಮೇಲೆ, ಆಮೇಲೆ’ ಎಂದು ಅಲ್ಲಿ ನಿಮ್ಮ ಅಕ್ಕನವರನ್ನೂ ಸತಾಯಿಸುತ್ತಿದ್ದೀರಾ? ಕಣ್ಣು ಉಜ್ಜಿಕೊಳ್ಳಬೇಡಿ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದ ಹಾಗೇ ಇದೆ, ಅದೊಂದು ನನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಈ ಕಾಗದವನ್ನು ಭಾವನವರು ನಿಮಗೆ ಗಟ್ಟಿಯಾಗಿ ಓದಿ ಹೇಳುತ್ತಾರೆಂದು ಗೊತ್ತಿರುವುದರಿಂದ ಕೆಲವು ಮಾತು ಬರೆಯಲು ನಾಚಿಕೆ, ಅವನ್ನು ನೀವೇ ಊಹಿಸಿಕೊಳ್ಳಿ. ಫೋನಿನಲ್ಲಿ ಹೇಳೋಣವೆಂದರೆ ನೀವು ಫೋನಿಗೆ ಬರುವುದಿಲ್ಲ. ‘ಚೆನ್ನಾಗಿದ್ದಾನಮ್ಮ, ಮಲಗಿದ್ದಾನೆ’ ಎಂದು ಭಾವನವರೇ ಹೇಳಿ ಇಟ್ಟುಬಿಡುತ್ತಾರೆ. ಇಷ್ಟೊಂದು ಮಲಗುವವರಲ್ಲ ನೀವು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ಹಾಗೆ ಹೇಳಿ ಕಳಿಸಲು ಆಗುವುದಿಲ್ಲವಲ್ಲ.

‘ಕಣ್ಣು ಸರಿಹೋದ ಮೇಲೆಯೇ ಬರುತ್ತೇನೆ. ಅಷ್ಟರಲ್ಲಿ ಬೆಲೆ ಕಟ್ಟಿಸಲು ಜನ ಬಿಟ್ಟುಹೋದ ಹಳೇ ಸಾಮಾನೆಲ್ಲ ಅವರವರಿಗೆ ಕೊಟ್ಟುಬಿಡು, ಬೆಲೆಯ ಬಗ್ಗೆ ತುಟಿ ಬಿಚ್ಚಬೇಡ’ ಎಂದು ಹೇಳಿ ಕಳಿಸಿದ್ದಿರಿ. ಹಾಗೇ ಮಾಡುತ್ತಿದ್ದೇನೆ. ಆದರೆ ಬೆಲೆ ಗೊತ್ತಾಗದೆ ವಾಪಸ್ ಬಂದ ಸಾಮಾನನ್ನು ಯಾರೂ ನಗುನಗುತ್ತಾ ತೆಗೆದುಕೊಳ್ಳುವುದಿಲ್ಲ. ಹಳೇ ಚಿತ್ರ ಕೊಟ್ಟಿದ್ದ ವಕೀಲರು, ‘ಇಷ್ಟು ದಿನ ಇಟ್ಕೊಂಡು ಏನೂ ಹೇಳ್ದೆ ಕೊಡ್ತೀರಲ್ಲ, ಇದೇನು ಸೈಕಲ್ ಸ್ಟ್ಯಾಂಡಾ?’ ಎಂದು ಕೂಗಾಡಿದರು. ಕಂಚಿನ ಕುದುರೆಯ ಹೆಂಗಸು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ನಮ್ಮ ಕುದುರೆಗೆ ಇಷ್ಟು ಚಿಕ್ಕ ಕಿವಿ ಇರ್ಲಿಲ್ಲ, ಬದಲಾಯಿಸಿಬಿಟ್ಟಿದ್ದೀರಿ’ ಎಂದಳು. ‘ಬೆಳೆಯೋ ವಯಸ್ಸೂ ಅಲ್ಲ, ಸವೆಯೋ ವಯಸ್ಸೂ ಅಲ್ಲ ತಾಯಿ ಅದಕ್ಕೆ, ಕಿವಿ ಇದ್ದಷ್ಟೇ ಇದೆ’ ಎಂದೆ. ನಗಲಿಲ್ಲ. ಮೊದಲಾದರೆ ಬೆಲೆ ಹೇಳುವುದು ನಿಮ್ಮ ಕೆಲಸ, ಆಮೇಲೆ ಅವರಿಗೆ ನೀರು ಕೊಟ್ಟು ಕೂರಿಸಿ ಬೈಸಿಕೊಳ್ಳುವುದು ನನ್ನ ಕೆಲಸ. ಈಗ ಎರಡೂ ನನ್ನ ತಲೆಗೇ ಬಂದಿದೆ. ಬೈಯಲಿ ಬಿಡಿ. ನಿಜ ಹೇಳಬೇಕೆಂದರೆ ಈಗ ನನ್ನ ಹತ್ತಿರ ಮಾತಾಡುವವರು ಬೈಯುವವರು ಮಾತ್ರ. ಯಾರೂ ಬೈಯಲು ಬಾರದ ದಿನ ಸಂಜೆ ಅಂಗಡಿ ಬಣಗುಟ್ಟುತ್ತದೆ. ಅಂಥ ದಿನ ನಿಮ್ಮ ಕಿಟಕಿಯ ಕುರ್ಚಿಯನ್ನು ಎರಡು ಸಲ ಒರೆಸುತ್ತೇನೆ. ಧೂಳಿರುವುದಿಲ್ಲ, ಆದರೂ ಒರೆಸುತ್ತೇನೆ.

ಈಗ ಒಂದು ವಿಷಯ ಹೇಳಬೇಕು. ಸಿಟ್ಟು ಮಾಡಿಕೊಳ್ಳದೆ ಕೇಳಿ. ನಿಮ್ಮ ಬಾಯಲ್ಲಿ ‘ನಕಲಿ’ ಎಂಬ ಮಾತು ನಾನು ಕೇಳಿದ್ದು ಒಂದೇ ಸಲ. ಆವತ್ತು ಬಂದಿದ್ದ ನಿವೃತ್ತ ಮೇಷ್ಟ್ರು, ತಮ್ಮ ತಂದೆಯ ಕಾಲದ ತಟ್ಟೆಯನ್ನು ನಮ್ಮ ಮೆಟ್ಟಿಲ ಮೇಲೇ ಒಡೆದು ಹೋದರು. ಚೂರುಗಳನ್ನು ನೀವೇ ಬಗ್ಗಿ ಆರಿಸಿದಿರಿ. ಅಂದಿನಿಂದ ಬೆಲೆಯಿಲ್ಲದ ವಸ್ತು ಬಂದರೆ ಅದನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟು, ‘ಮನೆಯಲ್ಲೇ ಇರಲಿ’ ಎನ್ನುತ್ತೀರಿ. ಎಷ್ಟು ಮೆತ್ತಗೆ ಹೇಳಿದರೇನು, ಊರಿಗೆಲ್ಲ ಅದರ ಅರ್ಥ ತಿಳಿದುಹೋಗಿದೆ. ಆ ಮಾತು ಬಿದ್ದ ಕೂಡಲೇ ಬಂದವರ ಮುಖ ಬಾಡುತ್ತದೆ. ಪಕ್ಕದ ಚಹಾದಂಗಡಿಯವನಂತೂ ಯಾರಾದರೂ ಕೆಟ್ಟ ಕೊಡೆ ಕೊಂಡು ತಂದರೆ, ‘ಮನೆಯಲ್ಲೇ ಇರಲಿ ಬಿಡಿ ಸ್ವಾಮಿ’ ಎಂದು ಅಣಕಿಸುತ್ತಾನೆ.

ನೀಲಿ ಹೂವಿನ ಪಿಂಗಾಣಿ ಜಾಡಿ ನೆನಪಿದೆಯೇ? ಹೊಲಿಗೆ ಅಜ್ಜಿಯ ಮಗ ತಂದುಕೊಟ್ಟಿದ್ದು, ಕುತ್ತಿಗೆಯ ಹತ್ತಿರ ಅಂಟು ಹಾಕಿದ ಬಿರುಕಿದೆ. ನೀವು ಹೊರಡುವ ಮುಂಚೆ ಅದನ್ನು ಕಿಟಕಿಯ ಹತ್ತಿರ ಎತ್ತಿ ಹಿಡಿದು ಬಹಳ ಹೊತ್ತು ನಿಂತಿದ್ದಿರಿ. ಆಮೇಲೆ ಕೆಳಗಿಟ್ಟು, ‘ಕಣ್ಣು ತೋರಿಸಿಕೊಂಡು ಬಂದು ಹೇಳುತ್ತೇನೆ’ ಎಂದಿರಿ. ನೀವು ಜಾಡಿಯನ್ನು ನೋಡುತ್ತಿರಲಿಲ್ಲ, ಬೆಳಕನ್ನು ಹುಡುಕುತ್ತಿದ್ದಿರಿ. ಆ ಮಗ ವಾರವಾರವೂ ಬಂದು ಜೀವ ತಿನ್ನುತ್ತಿದ್ದ. ಜಾಡಿ ಮಾರಿ ಹೊಸ ಗಾಡಿ ತೆಗೆದುಕೊಳ್ಳಬೇಕಂತೆ. ತೆಗೆದುಕೊಂಡು ಹೋಗಪ್ಪಾ ಎಂದರೆ, ‘ಬೆಲೆ ಕೇಳ್ದೆ ಒಯ್ಯಲ್ಲ’ ಎಂದು ಹಟ. ಮೊನ್ನೆ ಅವನಿಲ್ಲದ ಹೊತ್ತಿನಲ್ಲಿ ಅಜ್ಜಿಯೇ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಗುಂಡಿ. ಆ ಜಾಡಿ ಅವಳಿಗೆ ಗುಂಡಿಯ ಡಬ್ಬಿಯಂತೆ. ಹೊಲಿಗೆ ಕಲಿತ ದಿನದಿಂದ ಯಾವ ಬಣ್ಣದ ಗುಂಡಿ ಬೇಕೆಂದರೂ ಅದಕ್ಕೇ ಕೈಹಾಕಿದವಳು. ಈಗಲೂ ನೋಡದೆ ಕೈ ಚಾಚುತ್ತಾಳಂತೆ, ಕೈಗೆ ಬರಿಯ ಮೇಜು ಸಿಗುತ್ತದಂತೆ. ‘ಬೆಲೆ ಬಂದ್ರೆ ಹೋಗುತ್ತೆ ಕಣಮ್ಮಾ, ಬರ್ದಿದ್ರೆ ಉಳಿಯುತ್ತೆ. ಬರ್ಲಿಲ್ಲ ಅಂತ ಒಂದು ಮಾತು ಹೇಳ್ಬಿಡು’ ಎಂದು ನನ್ನ ಕೈ ಹಿಡಿದುಕೊಂಡಳು. ಬೆಲೆ ಹೆಚ್ಚು ಹೇಳಿ ಎಂದು ಕಾಲಿಗೆ ಬಿದ್ದವರನ್ನು ನೋಡಿದ್ದೇನೆ. ಕಡಿಮೆ ಹೇಳಿ ಎಂದು ಅತ್ತವಳು ಇವಳೊಬ್ಬಳೇ. ‘ನನಗೆ ಬೆಲೆ ಗೊತ್ತಾಗಲ್ಲ ಅಜ್ಜೀ. ಗೊತ್ತಿಲ್ಲದ್ದನ್ನ ಗೊತ್ತು ಅಂದ್ರೆ ದೇವರು ಮೆಚ್ಚಲ್ಲ’ ಎಂದು ನೀರು ಕೊಟ್ಟು ಕಳಿಸಿದೆ. ಆಮೇಲೆ ನನಗೆ ಊಟ ಸೇರಲಿಲ್ಲ.

ನಿನ್ನೆ ತಾಯಿ ಮಗ ಇಬ್ಬರೂ ಬಂದರು. ಮಗ ಮೇಜು ಗುದ್ದಿ, ‘ಇವತ್ತು ಏನಾದ್ರೂ ಒಂದು ಹೇಳಿ, ಇಲ್ದಿದ್ರೆ ಇಲ್ಲಿಂದ ಏಳಲ್ಲ’ ಎಂದ. ಅಜ್ಜಿ ಗುಂಡಿಯ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾನು ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದಿಟ್ಟೆ. ಬಾಯಿಂದ ಬಂದೇಬಿಟ್ಟಿತು: ‘ಮನೆಯಲ್ಲೇ ಇರಲಿ.’ ಮಗನ ಮುಖ ಗಾಳಿ ಬಿಟ್ಟ ಚೆಂಡಿನ ಹಾಗಾಯಿತು. ‘ಈ ದರಿದ್ರದ್ದಕ್ಕೆ ಇಷ್ಟು ದಿನ ಕಾಯಿಸಿದ್ರಾ’ ಎಂದು ನಿಮ್ಮನ್ನೂ ನನ್ನನ್ನೂ ಸೇರಿಸಿ ಬೈದು ಹೊರಗೆ ಹೋದ. ಅಜ್ಜಿ ಅಲ್ಲೇ ನಿಂತು, ಚೀಲ ಬಿಚ್ಚಿ, ಗುಂಡಿಗಳನ್ನೆಲ್ಲ ಜಾಡಿಗೆ ಸುರಿದಳು. ಎಷ್ಟು ಸದ್ದು ಅಂತೀರಿ! ನೀವು ಹೋದ ಮೇಲೆ ಈ ಅಂಗಡಿಯಲ್ಲಿ ಬೈಗುಳವಲ್ಲದೆ ನಾನು ಕೇಳಿದ ಸದ್ದು ಅದೊಂದೇ.

ನಾನು ಸುಳ್ಳು ಹೇಳಿದೆನೇ? ಮನೆಯಲ್ಲೇ ಇರಲಿ ಎಂಬುದು ನನ್ನ ಮನಸ್ಸಿನ ಮಾತು, ಅದರಲ್ಲಿ ಸುಳ್ಳಿಲ್ಲ. ಆದರೆ ಅವನು ಅದನ್ನು ಹೇಗೆ ತಿಳಿದುಕೊಳ್ಳುತ್ತಾನೆಂದು ಗೊತ್ತಿದ್ದೇ ಹೇಳಿದೆ. ಬೆಳಿಗ್ಗೆ ದೇವರ ಮುಂದೆ ಕೂತು ಕೇಳಿದೆ, ಅವನೂ ನಿಮ್ಮ ಹಾಗೆ ಸುಮ್ಮನಿದ್ದ. ನೀವೇ ಬಂದು ಆ ಜಾಡಿ ನೋಡಿ ಹೇಳಿ. ನಿಜವಾಗಿ ಬೆಲೆಬಾಳುವುದಾದರೆ ನಾನೇ ಅವರ ಮನೆಗೆ ಹೋಗಿ, ನನ್ನಿಂದ ತಪ್ಪಾಯಿತೆಂದು ಹೇಳಿ ಬರುತ್ತೇನೆ. ನಿಮ್ಮ ಮಾತನ್ನು ನಿಮ್ಮನ್ನು ಕೇಳದೆ ಬಳಸಿದೆ, ಅದಕ್ಕೆ ಕ್ಷಮಿಸಿ.

ಭಾವನವರಿಗೂ ಅಕ್ಕನವರಿಗೂ ನನ್ನ ನಮಸ್ಕಾರ ತಿಳಿಸಿ. ದೇವರು ನಿಮ್ಮ ಪಕ್ಕದಲ್ಲೇ ಇರಲಿ, ನಾನಿಲ್ಲದ ಕಡೆ ಅವನಾದರೂ ಇರಲಿ.

ಇಂತು,
ನಿಮ್ಮ ಮನೆಯವಳು

ಇನ್ನೊಂದು ಮಾತು: ಕಾಗದ ಮಡಿಸಿಟ್ಟಿದ್ದೆ, ಅಷ್ಟರಲ್ಲಿ ಅಕ್ಕನವರ ಫೋನು ಬಂತು. ಭಾವನವರೇ, ಇಲ್ಲಿಂದ ಮುಂದೆ ದಯವಿಟ್ಟು ನಿಧಾನವಾಗಿ ಓದಿ, ಅಕ್ಕನವರನ್ನು ಏನೂ ಅನ್ನಬೇಡಿ, ಬಾಯಿತಪ್ಪಿ ಹೇಳಿಬಿಟ್ಟರು. ದೃಷ್ಟಿ ಇನ್ನು ಬರುವುದಿಲ್ಲವೆಂದು ಡಾಕ್ಟರು ಆಗಲೇ ಹೇಳಿಯಾಗಿದೆಯಂತೆ. ‘ಅವಳಿಗೆ ತಿಳಿಸಬೇಡಿ, ಕಣ್ಣಿಲ್ಲದವನು ಅಲ್ಲಿಗೆ ಹೋಗಿ ಯಾವ ಕೆಲಸಕ್ಕೆ’ ಎಂದಿರಂತೆ ನೀವು. ನಿಮ್ಮ ಬೆಲೆ ನೀವೇ ಕಟ್ಟಿಕೊಂಡು ಕೂತಿದ್ದೀರಿ. ಅದನ್ನು ಕಟ್ಟುವುದು ನನಗೆ ಬಿಡಿ. ನಾನು ಹೇಳುವುದು ಒಂದೇ: ಮನೆಯಲ್ಲೇ ಇರಲಿ. ಭಾನುವಾರ ನಿಮ್ಮನ್ನು ಕರೆತರಲು ನಾನೇ ಬರುತ್ತೇನೆ, ಬಟ್ಟೆಬರೆ ಕಟ್ಟಿಸಿ ಇಟ್ಟುಕೊಳ್ಳಿ. ದಾರಿಯುದ್ದಕ್ಕೂ ಬೈಯಿರಿ, ಬೈಸಿಕೊಳ್ಳುವುದು ನನಗೆ ಅಭ್ಯಾಸ.