ಹೋದವಳ ಹೆಸರು

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ಎದ್ದಾಗ ಬಾಲ್ಕನಿಯ ಹಗ್ಗದ ಮೇಲೆ ಹಳೆಯ ಹಳದಿ ಫ್ರಾಕೊಂದು ಒಣಗುತ್ತಿತ್ತು. ಗುಂಡಿಗಳು ಮಾತ್ರ ಹೊಸವು. ಚಿಕ್ಕಂದಿನಲ್ಲೇ ತೀರಿಕೊಂಡ ನಾದಿನಿಯದು. ಅತ್ತೆಗೆ ಈಗ ಅವಳ ಹೆಸರನ್ನೇ ನನ್ನ ಮಗಳಿಗೆ ಇಡಬೇಕು.

ಮಗುವಿಗೆ ಸ್ನಾನ ಮಾಡಿಸಿ ಒರೆಸುತ್ತಾ ಕೇಳುತ್ತಿದ್ದರು: “ಬಂದ್ಯಾ ಕಳ್ಳಿ? ಇಷ್ಟು ವರ್ಷ ಎಲ್ಲಿ ಅಡಗಿಕೊಂಡಿದ್ದೆ?” ನಗುತ್ತಿದ್ದರು, ಕಣ್ಣು ತುಂಬಿತ್ತು. ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಅಂಥ ದುಃಖದ ಎದುರು ಬೇಡ ಎನ್ನುವುದು ಹೇಗೆ?

ಗಂಡನ ಹತ್ತಿರ ಹೇಳಿಕೊಂಡರೆ ತಮಾಷೆ. “ಸಾಹಿತ್ಯ ಓದಿದವಳು ನೀನು, ನಿನಗೆ ನೂರು ಹೆಸರು ಸಿಗುತ್ತೆ. ಅಮ್ಮನಿಗೆ ಇರೋದು ಅದೊಂದೇ ಕಣೇ.”

ನನಗೂ ಇರುವುದು ಒಂದೇ. ಬಸುರಿಯಾಗಿದ್ದಾಗ ಹೊಟ್ಟೆಯ ಮೇಲೆ ಕೈಯಿಟ್ಟು ಕರೆಯುತ್ತಿದ್ದ ಹೆಸರು. ಈಗ ಅದನ್ನು ರೂಮಿನ ಬಾಗಿಲು ಹಾಕಿಕೊಂಡು ಪಿಸುಗುಟ್ಟುತ್ತೇನೆ. ಈ ಮನೆಯಲ್ಲಿ ಎಲ್ಲರೂ ಒಳ್ಳೆಯವರು, ಅದಕ್ಕೇ ಉಸಿರು ಕಟ್ಟುತ್ತದೆ. ಕೆಟ್ಟವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಆದರೆ ಇವಳು ಯಾರೋ ಮರಳಿ ಬಂದವಳಲ್ಲ. ಈಗಷ್ಟೇ ಬಂದವಳು.

ನಾಳೆ ಸ್ನಾನ ನಾನೇ ಮಾಡಿಸುತ್ತೇನೆ. ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅವರಿಗೆ ಕೇಳುವಷ್ಟು ಗಟ್ಟಿಯಾಗಿ, ನಾನಿಟ್ಟ ಹೆಸರು ಹಿಡಿದು ಮಗಳನ್ನು ಕರೆಯುತ್ತೇನೆ. ಅವರು ಅತ್ತರೂ ಸರಿ.