ಹೊಸತೊಡಕಿಗೆ ಬದನೆಕಾಯಿ

ಕಂಬೈನಲ್ಲೂರು
ಧಾತು ಸಂವತ್ಸರ, ಚೈತ್ರ ಶುದ್ಧ ದಶಮಿ, 1936

ಮಗಳು ಮುನಿರತ್ನಮ್ಮನಿಗೆ ಅಪ್ಪನ ಆಶೀರ್ವಾದ.

ನಾವಿಲ್ಲಿ ಕ್ಷೇಮ. ಸೇಲಂನಲ್ಲಿ ನೀನೂ ಅಳಿಯಂದಿರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಹಬ್ಬ ಕಳೆದು ಇಷ್ಟು ದಿನವಾದರೂ ಕಾಗದವಿಲ್ಲವೆಂದು ಕೋಪಿಸಿಕೊಳ್ಳಬೇಡ. ಕುಂಬಳಕಾಯಿ ಹೆಚ್ಚಲು ಹೋಗಿ ಹೆಬ್ಬೆರಳು ಕೊಯ್ದುಕೊಂಡಿದ್ದೆ, ಲೇಖನಿ ಹಿಡಿಯಲಾಗಲಿಲ್ಲ. ಅಪ್ಪನಿಗೇಕೆ ಕುಂಬಳಕಾಯಿಯ ಸಹವಾಸ ಎನ್ನುತ್ತೀಯಾ? ಕೇಳು.

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ನಮ್ಮ ಮನೆಯಲ್ಲಿ ಕುರಿ ಕಡಿಯದ ವರ್ಷವೇ ಇಲ್ಲ. ಈ ಸಲ ನಿನ್ನ ಅವ್ವ ಸೆರಗು ಸಿಕ್ಕಿಸಿಕೊಂಡು ಎದುರಿಗೆ ನಿಂತಳು.

"ಬಾಡು ಬ್ಯಾಡ. ಕಾಯಿಪಲ್ಯ ಜಾಸ್ತಿ ಮಾಡ್ತೀನಿ. ಮೈಗೆ ಒಳ್ಳೇದು ಅಂತ ಸಂತೇಲಿ ಎಲ್ತ್ ಆಪೀಸರು ಏಳಲಿಲ್ವಾ?"

"ಕುರಿ ಸೊಪ್ಪು ತಿಂತೈತೆ, ನಾನು ಕುರಿ ತಿಂತೀನಿ. ಸೊಪ್ಪು ನನ್ ಒಟ್ಟೆಗೇ ಬಂತಲ್ಲ?" ಎಂದೆ.

"ಅಂಗಾದ್ರೆ ಮಧ್ಯೆ ಕುರಿ ಯಾಕೆ?" ಎಂದು ಕುಂಬಳಕಾಯಿಯನ್ನೂ ಈಳಿಗೆಮಣೆಯನ್ನೂ ನನ್ನ ಮುಂದಿಟ್ಟು ಹೋದಳು. ಬೆರಳು ಹೋದದ್ದು ಹೀಗೆ.

ಊಟಕ್ಕೆ ನಿನ್ನ ದೊಡ್ಡಪ್ಪ ದೊಡ್ಡಮುನಿಯಪ್ಪ ಬೆಳಿಗ್ಗೆಯಿಂದ ಏನೂ ತಿನ್ನದೆ ಬಂದಿದ್ದ. ನಾನು ಬಟ್ಟೆ ಸುತ್ತಿದ ಬೆರಳು ತೋರಿಸಿ ಸಂಗತಿ ಹೇಳಿದೆ. "ಸಾರಿಗೆ ಒಂದ್ ಮೂಳೇನಾದ್ರೂ ಆಕಿರ್ತಾಳೆ ಬಿಡ್ಲಾ" ಎಂದು ಎಲೆಯ ಮುಂದೆ ಕೂತ. ಎಲೆಗೆ ಹೀರೆಕಾಯಿ, ಕುಂಬಳಕಾಯಿ, ಬದನೆಕಾಯಿ ಬಂದವು. ಕೊನೆಗೆ ಮಸಾಲೆ ಸಾರು. ಅದರಲ್ಲಿ ಉದ್ದನೆಯದೇನೋ ಕಂಡು ಅಣ್ಣನ ಮುಖ ಅರಳಿತು. ಬಾಯಿಗಿಟ್ಟು ಎಳೆದ, ಅಗಿದ, ಆಚೆ ತೆಗೆದು ನೋಡಿದ.

"ಏನ್ಲಾ ತಮ್ಮ, ಈ ಕುರಿ ಮೂಳೇಲಿ ನಾರೈತೆ!"

ಅದು ನುಗ್ಗೆಕಾಯಿ.

ಅಷ್ಟರಲ್ಲಿ ಪಕ್ಕದ ಮನೆ ಮಾರಿಯಮ್ಮನ ಕೋಳಿಸಾರಿನ ವಾಸನೆ ಬಂತು. ಅಣ್ಣ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಕೈ ತೊಳೆಯುವ ನೆಪ ಮಾಡಿ ಇಬ್ಬರೂ ಚೊಂಬು ಹಿಡಿದು ಹಿತ್ತಿಲಿನಿಂದ ಅಲ್ಲಿಗೆ ಹೋದೆವು.

"ಅಯ್ಯೋ ಕಡವುಳೇ, ದ್ಯಾವ್ರೇ!" ಎಂದಳು ಮಾರಿಯಮ್ಮ. "ಸಾರು ಕೊಡ್ತೀನಿ. ಆದ್ರೆ ನಿಮ್ಮನೆ ಮುತ್ಯಾಲಕ್ಕ ಮಾಡಿರೋ ಬದನೆಕಾಯಿ ಒಸಿ ತಂದ್ಕೊಡಿ. ಅದರ ಗಮಲಿಗೆ ನಮ್ಮನೇಲಿ ಯಾರೂ ಕೋಳಿ ಮುಟ್ತಾ ಇಲ್ಲ."

ಓಡಿ ಬಂದೆವು. ಅವ್ವ ಬರಿದಾದ ಮಡಕೆ ಬೋರಲು ಹಾಕಿ ತೋರಿಸಿದಳು. ಕುರಿ ಮೇಯಿಸುವ ಆರುಮುಗಂ ಕೊನೆಯ ಬದನೆಕಾಯಿಯನ್ನು ಮುದ್ದೆಗೆ ಒತ್ತಿ ನುಂಗಿ, "ಅಕ್ಕಾ, ನಾಳೆಕೂ ಇದೇ ಮಾಡಿ" ಎಂದ. ನಮಗೆ ಅತ್ತ ಕೋಳಿಯೂ ಇಲ್ಲ, ಇತ್ತ ಬದನೆಕಾಯಿಯೂ ಇಲ್ಲ. ಅಣ್ಣ ಮಜ್ಜಿಗೆ ಕುಡಿದು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, "ನಾದಿನಿ, ಮುಂದ್ಲ ಸಲ ದೊಡ್ಡ ಮಡಕೇಲಿ ಮಾಡವ್ವ" ಎಂದ.

ಅಳಿಯಂದಿರಿಗೂ ನಿಮ್ಮ ಅತ್ತೆ ಮಾವನವರಿಗೂ ನಮ್ಮ ನಮಸ್ಕಾರ ಹೇಳು. ಹೊಸ ವರ್ಷ ನಿನ್ನ ಮಡಿಲು ತುಂಬಲಿ, ನೂರು ಕಾಲ ಬಾಳು.

ನಿನ್ನ ಅಪ್ಪ,
ರಾಮಚಂದ್ರಪ್ಪ

ಇನ್ನೊಂದು ಮಾತು: ಕಾಗದ ಮಡಿಸುತ್ತಿದ್ದೆ. ನಿನ್ನ ಅವ್ವ ಬಂದು, "ಬಾಡು ಮಾಡ್ಲಿಲ್ಲ ಅಂತ ಬರೆದ್ರಾ? ದಪ್ಪ ಅಕ್ಷರದಾಗೆ ಬರೀರಿ, ಬೀಗಿತ್ತಿಗೂ ಓದಿ ಏಳ್ಲಿ" ಎಂದಳು. ಯಾಕೆ ಎಂದು ಕೇಳಿದ್ದಕ್ಕೆ ಅತ್ತುಬಿಟ್ಟಳು. ಸಂಕ್ರಾಂತಿಗೆ ಸೇಲಂಗೆ ಬಂದು ಹೋದವಳು ನನಗೆ "ಮಗಳು ಚೆನ್ನಾಗವ್ಳೆ" ಎಂದಿದ್ದಳು. ನಿನ್ನ ಮುಖವನ್ನೇ ನೋಡಿರಲಿಲ್ಲವಂತೆ. ನೀನು ನೀರಿಗೆ ಹೋಗಿದ್ದೆಯಂತೆ. ನಿಮ್ಮ ಮಾವ ಭಜನೆಯವರ ಜೊತೆ ಸೇರಿ ಬಾಡು ಬಿಟ್ಟ ಮೇಲೆ ನಾವು ನಿಮ್ಮತ್ತೆಗೆ ಮೈಲಿಗೆಯಂತೆ. "ಬಾಡು ತಿನ್ನೋರು ಒಳಕ್ಕೆ ಬರಬ್ಯಾಡಿ. ಸೊಸೇನೂ ನಿಮ್ಮನೇಗೆ ಕಳಿಸಾಕಿಲ್ಲ" ಎಂದು ಜಗಲಿಯಿಂದಲೇ ಹಿಂದಕ್ಕೆ ಕಳಿಸಿದರಂತೆ.

ಇನ್ನು ನಮ್ಮ ಮನೆಯಲ್ಲಿ ಬಾಡಿಲ್ಲಮ್ಮ. ನಾನು ಬಿಟ್ಟೆ. ಬರುವ ಶುಕ್ರವಾರ ನಾನೂ ಅವ್ವನೂ ನಿನ್ನನ್ನು ಕರೆದೊಯ್ಯಲು ಬರುತ್ತೇವೆ. ಆಗಲೂ ಒಳಕ್ಕೆ ಕರೆಯದಿದ್ದರೆ ಜಗಲಿಯ ಮೇಲೆ ಕೂತಿರುತ್ತೇವೆ. ನೀನು ಮಾತ್ರ ಅವತ್ತು ನೀರಿಗೆ ಹೋಗಬೇಡ.